ಊಟ ತಪ್ಪಿದ ದಿನ ಮಾತ್ರೆ ಏನು ಮಾಡುತ್ತದೆ: ಹಿರಿಯರಿಗೆ ಶುಗರ್ ಔಷಧ ಆರಿಸುವ, ಒರೆಗೆ ಹಚ್ಚುವ ಬಗೆ

ಐವತ್ತರ ಆಸುಪಾಸಿನವರಿಗೆ ಶುಗರ್ ಮಾತ್ರೆ ಆರಿಸುವಾಗ ಮೊದಲು ಕೇಳುವುದು, ಇದು ಶುಗರನ್ನು ಎಷ್ಟು ಇಳಿಸುತ್ತದೆ ಎಂದು. ಎಪ್ಪತ್ತೈದು ದಾಟಿದವರಿಗೆ ಆರಿಸುವಾಗ ಮೊದಲ ಪ್ರಶ್ನೆಯೇ ಬೇರೆ. ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ, ಮಧ್ಯಾಹ್ನ ಹಸಿವಿಲ್ಲವೆಂದು ಊಟ ಬಿಟ್ಟಿದ್ದಾರೆ. ಸಂಜೆಯ ಹೊತ್ತಿಗೆ ಆ ಮಾತ್ರೆ ಒಳಗೆ ಏನು ಮಾಡುತ್ತಿರುತ್ತದೆ? ಕೆಲವು ಔಷಧಗಳು ಶುಗರ್ ಏರಿದಾಗ ಕೆಲಸ ಮಾಡಿ, ಏರದಿದ್ದರೆ ಸುಮ್ಮನಿರುತ್ತವೆ. ಇನ್ನು ಕೆಲವು, ಊಟ ಬಂದರೂ ಬಾರದಿದ್ದರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತವೆ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಅರ್ಧ ಆಯ್ಕೆ ಮುಗಿದಂತೆ.

ಇಲ್ಲಿರುವುದು ಟೈಪ್ 2 ಸಕ್ಕರೆ ಕಾಯಿಲೆಯ ಮಾತು. ಟೈಪ್ 1 ಇದ್ದವರು ಯಾವ ವಯಸ್ಸಿನಲ್ಲೂ ಇನ್ಸುಲಿನ್ ಬಿಡುವಂತಿಲ್ಲ. ಡೋಸ್ ಬದಲಿಸುವ, ಔಷಧ ನಿಲ್ಲಿಸುವ ತೀರ್ಮಾನವನ್ನು ವೈದ್ಯರೊಂದಿಗೆ ಕೂತೇ ಮಾಡಬೇಕು. ಆದರೆ ಅವರ ಮುಂದಿಡಬೇಕಾದ ಪ್ರಶ್ನೆಗಳೂ ಅಂಕಿಗಳೂ ಮನೆಯಿಂದಲೇ ಹೋಗಬೇಕು. ಶುಗರಿನ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ.

ಹಿರಿಯರ ಲೋ ಶುಗರ್ ವೇಷ ಮರೆಸಿಕೊಂಡು ಬರುತ್ತದೆ

ಪ್ರಾಯದವರಲ್ಲಿ ಶುಗರ್ 70ರ ಕೆಳಗೆ ಜಾರಿದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ. ಮಿದುಳಿಗೆ ಮಂಕು ಕವಿಯುವ ಮೊದಲೇ ಈ ಸೂಚನೆಗಳು ಬರುವುದರಿಂದ ತಾವೇ ಎದ್ದು ಏನಾದರೂ ಬಾಯಿಗೆ ಹಾಕಿಕೊಳ್ಳಲು ಸಮಯ ಸಿಗುತ್ತದೆ. ವಯಸ್ಸಾದಂತೆ ಈ ಎರಡರ ನಡುವಿನ ಬಿಡುವು ಕಿರಿದಾಗುತ್ತದೆ. ನಡುಕ ಶುರುವಾಗುವಷ್ಟರಲ್ಲಿ ಮಾತು ತೊದಲುತ್ತಿರುತ್ತದೆ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಂತೂ ನಡುಕ, ಎದೆಬಡಿತ ಎರಡೂ ಅಡಗಿ, ಬೆವರೊಂದೇ ಉಳಿಯುತ್ತದೆ. ಹೀಗಾಗಿ ಹಿರಿಯರ ಲೋ ಶುಗರ್ ಕಾಣಿಸಿಕೊಳ್ಳುವುದು ತಲೆಸುತ್ತಾಗಿ, ಬಿದ್ದ ಪೆಟ್ಟಾಗಿ, ಅಸಂಬದ್ಧ ಮಾತಾಗಿ, ಹಗಲಿನ ಮಂಪರಾಗಿ. ಮನೆಯವರು ಅದನ್ನು ಅರಳುಮರಳು ಎಂದುಕೊಂಡು ಬಿಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರು ಇದ್ದಕ್ಕಿದ್ದಂತೆ ವಿಚಿತ್ರವಾಗಿ ನಡೆದುಕೊಂಡರೆ ಮೊದಲು ಬೆರಳು ಚುಚ್ಚಿ ನೋಡಿ, ಉಳಿದ ಯೋಚನೆ ಆಮೇಲೆ.

ಇದು ಅಪರೂಪದ ಅಪಾಯವೇನಲ್ಲ. ಔಷಧದ ಅಡ್ಡಪರಿಣಾಮದಿಂದ ತುರ್ತಾಗಿ ಆಸ್ಪತ್ರೆ ಸೇರಿದ 65 ದಾಟಿದವರ ಬಗ್ಗೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಂಥ ದಾಖಲಾತಿಗಳಲ್ಲಿ ಸುಮಾರು 14% ಇನ್ಸುಲಿನ್‌ನಿಂದ, ಸುಮಾರು 11% ಶುಗರ್ ಮಾತ್ರೆಗಳಿಂದ ಆಗಿದ್ದವು. ಎರಡೂ ಸೇರಿದರೆ ನಾಲ್ಕರಲ್ಲಿ ಒಂದು.

ಔಷಧಗಳನ್ನು ಯಾರ ಮೇಲೆ ಪರೀಕ್ಷಿಸಿದ್ದಾರೆ?

ಶುಗರ್ ಚಿಕಿತ್ಸೆಯ ಅಡಿಪಾಯ ಎನ್ನಿಸಿಕೊಂಡ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಮುಖ್ಯ ಫಲಿತಾಂಶ ಬಂದದ್ದು 1998ರಲ್ಲಿ. ಅದಕ್ಕೆ ಸೇರಿಸಿಕೊಂಡದ್ದು 25ರಿಂದ 65 ವರ್ಷದವರನ್ನು, ಅದರಲ್ಲೂ ಕಾಯಿಲೆ ಆಗಷ್ಟೇ ಪತ್ತೆಯಾದವರನ್ನು. ಎಂಬತ್ತರ, ಇಪ್ಪತ್ತು ವರ್ಷದಿಂದ ಶುಗರ್ ಇರುವ, ಕಿಡ್ನಿ ಅರ್ಧ ಸೋತಿರುವ ವ್ಯಕ್ತಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಿದರೆ ತಪ್ಪಾಗುತ್ತದೆ. ಹೊಸ ಔಷಧಗಳ ಪ್ರಯೋಗದಲ್ಲಿ ಹಿರಿಯರೂ ಇರಬೇಕೆಂದು ಐಸಿಎಚ್ ಇ7 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 1993ರಲ್ಲೇ ಹೇಳಿತು. ಆದರೆ ಎಲ್ಲ ವಯಸ್ಸಿನವರಿಗೂ ಬರುವ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 100 ಹಿರಿಯರಿದ್ದರೆ ಸಾಕು ಎಂಬ ಸಣ್ಣ ಅಳತೆಯನ್ನೇ ಅದು ಇಟ್ಟುಕೊಂಡಿತು. ಅಂಥ ಪ್ರಯೋಗಗಳಿಗೆ ಬರುವವರೂ ತಮ್ಮ ಕಾಲ ಮೇಲೆ ನಡೆದು ಬರುವ, ನೆನಪು ಚೆನ್ನಾಗಿರುವ ಹಿರಿಯರೇ ಹೆಚ್ಚು.

70 ದಾಟಿದವರನ್ನೇ ಆರಿಸಿ ಮಾಡಿದ ಪ್ರಯೋಗಗಳೂ ಇವೆ. ಲಿನಾಗ್ಲಿಪ್ಟಿನ್ ಔಷಧವನ್ನು 241 ಮಂದಿಯ ಮೇಲೆ, ವಿಲ್ಡಾಗ್ಲಿಪ್ಟಿನ್ ಔಷಧವನ್ನು 278 ಮಂದಿಯ ಮೇಲೆ 24 ವಾರ ಪರೀಕ್ಷಿಸಿದರು. ಎರಡರ ಫಲಿತಾಂಶವೂ 2013ರಲ್ಲಿ ಬಂತು. ವಿಲ್ಡಾಗ್ಲಿಪ್ಟಿನ್ ಪ್ರಯೋಗದಲ್ಲಿ ನಮಗೆ ಮೆಚ್ಚಿಗೆಯಾಗುವುದು ಅದರ ವಿಧಾನ. ಎಲ್ಲರಿಗೂ ಒಂದೇ ಗುರಿ ಇಡದೆ, ಆಯಾ ವ್ಯಕ್ತಿಯ ಆರೋಗ್ಯ ನೋಡಿ ವೈದ್ಯರು ಗುರಿ ನಿಗದಿ ಮಾಡಿದರು. ಔಷಧ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಗುರಿ ಮುಟ್ಟಿದರು. ಅಚ್ಚರಿಯೆಂದರೆ, ಬರೀ ಹುಸಿಮಾತ್ರೆ ಪಡೆದವರಲ್ಲೂ ನಾಲ್ಕನೆಯ ಒಂದಕ್ಕಿಂತ ಹೆಚ್ಚು ಮಂದಿ ಮುಟ್ಟಿದರು! ಗುರಿ ಸರಿಯಾಗಿದ್ದು, ಯಾರಾದರೂ ಆಗಾಗ ವಿಚಾರಿಸಿಕೊಳ್ಳುತ್ತಿದ್ದರೆ ಅದರಿಂದಲೂ ಫಲವಿದೆ.

ಬಿಗಿ ಹಿಡಿತದ ಬೆಲೆ ಏನೆಂದು ತೋರಿಸಿದ್ದು ಅಕಾರ್ಡ್ ಪ್ರಯೋಗ. ಸರಾಸರಿ 62 ವರ್ಷದ 10,251 ಮಂದಿಯಲ್ಲಿ ಒಂದು ಗುಂಪಿಗೆ ಎಚ್‌ಬಿಎ1ಸಿಯನ್ನು 6ರ ಕೆಳಗಿಳಿಸುವ ಗುರಿ ಇಟ್ಟರು (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ರಕ್ತ ಪರೀಕ್ಷೆ ಇದು). ಆ ಗುಂಪಿನಲ್ಲಿ 257 ಸಾವು, ಸಡಿಲ ಗುರಿಯ ಗುಂಪಿನಲ್ಲಿ 203. ಬಿಗಿ ಚಿಕಿತ್ಸೆಯನ್ನು 2008ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಮೊದಲು ಗುರಿ, ಆಮೇಲೆ ಮಾತ್ರೆ

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹಿರಿಯರನ್ನು ಮೂರು ಬಗೆಯಾಗಿ ನೋಡುತ್ತದೆ. ಬೇರೆ ಕಾಯಿಲೆ ಹೆಚ್ಚಿಲ್ಲದ, ನೆನಪೂ ಓಡಾಟವೂ ಚೆನ್ನಾಗಿರುವವರಿಗೆ ಎಚ್‌ಬಿಎ1ಸಿ 7.0ರಿಂದ 7.5ರ ಕೆಳಗೆ, ಖಾಲಿ ಹೊಟ್ಟೆಯ ಶುಗರ್ 80ರಿಂದ 130. ಮೂರು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆ ಇರುವವರಿಗೆ, ದಿನದ ಕೆಲಸಗಳಲ್ಲಿ ನೆರವು ಬೇಕಾದವರಿಗೆ, ಮರೆವು ಶುರುವಾದವರಿಗೆ 8.0ರ ಕೆಳಗೆ, ಖಾಲಿ ಹೊಟ್ಟೆಯಲ್ಲಿ 90ರಿಂದ 150. ಮೂರನೆಯ ಬಗೆಯವರು ಕಾಯಿಲೆಯ ಕೊನೆಯ ಹಂತದಲ್ಲಿರುವವರು, ಮರೆವು ಬಲಿತವರು. ಇವರಲ್ಲಿ ಎಚ್‌ಬಿಎ1ಸಿಯನ್ನು ನೆಚ್ಚಿಕೊಳ್ಳುವುದೇ ಬೇಡ. ಲೋ ಶುಗರ್ ಆಗದಿರಲಿ, ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಬರುವಷ್ಟು ಏರದಿರಲಿ. ಖಾಲಿ ಹೊಟ್ಟೆಯಲ್ಲಿ 100ರಿಂದ 180 ಇದ್ದರೆ ಸಾಕು.

ಎಚ್‌ಬಿಎ1ಸಿ 7 ಎಂದರೆ ಸರಾಸರಿ ಶುಗರ್ 154ರಷ್ಟು, 8 ಎಂದರೆ 183ರಷ್ಟು. ಆದರೆ ಸರಾಸರಿ ಎಂಬುದು ಏರಿಳಿತವನ್ನು ಮುಚ್ಚಿಡುತ್ತದೆ. ರಾತ್ರಿ 55, ಮಧ್ಯಾಹ್ನ 290 ಮುಟ್ಟುವವರ ಎಚ್‌ಬಿಎ1ಸಿಯೂ ಚೆಂದವಾಗಿಯೇ ಬರಬಹುದು. ಜೊತೆಗೆ, ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ರಕ್ತ ಹಾಕಿಸಿಕೊಂಡ ಮೇಲೆ, ರಕ್ತಸ್ರಾವವಾದ ಮೇಲೆ, ಕಿಡ್ನಿ ಕಾಯಿಲೆಗೆ ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಚುಚ್ಚುಮದ್ದು ಪಡೆಯುವಾಗ ಕಡಿಮೆ ತೋರಿಸುತ್ತದೆ. ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿಯನ್ನು ನಂಬಿ ಡೋಸ್ ಏರಿಸುವುದು ಹಿರಿಯರಲ್ಲಿ ಪದೇ ಪದೇ ಆಗುವ ತಪ್ಪು.

ಔಷಧ ಬರೆಯುವ ಮೊದಲು ಕೈಯಲ್ಲಿರಬೇಕಾದದ್ದು ಕಿಡ್ನಿಯ ಸೋಸುವ ಶಕ್ತಿ ಹೇಳುವ ಇಜಿಎಫ್‌ಆರ್, ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್, ಹಿಮೋಗ್ಲೋಬಿನ್, ಕಳೆದ ಆರು ತಿಂಗಳ ತೂಕದ ಏರಿಳಿತ, ಮಲಗಿದಾಗ ಮತ್ತು ಎದ್ದು ನಿಂತಾಗಿನ ರಕ್ತದೊತ್ತಡ. ಇಜಿಎಫ್‌ಆರ್ ಲೆಕ್ಕ ಹಾಕುವುದು ಕ್ರಿಯಾಟಿನಿನ್‌ನಿಂದ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಮೈ ಒಣಗಿ ಸ್ನಾಯು ಕರಗಿದ ಹಿರಿಯರಲ್ಲಿ ಕ್ರಿಯಾಟಿನಿನ್ ಕಡಿಮೆಯೇ ಬಂದು, ಕಿಡ್ನಿ ಇರುವುದಕ್ಕಿಂತ ಚೆನ್ನಾಗಿರುವಂತೆ ತೋರುತ್ತದೆ. ಅನುಮಾನವಿದ್ದಲ್ಲಿ, ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಪರೀಕ್ಷೆ ಕೇಳಬಹುದು. ಇನ್ನೊಂದು ವಿಷಯ ಯಾವ ಲ್ಯಾಬಿನ ವರದಿಯಲ್ಲೂ ಇರುವುದಿಲ್ಲ: ಮಾತ್ರೆಯನ್ನು ಕೈಗೆ ಕೊಡುವವರು ಯಾರು, ನುಂಗಿದ್ದನ್ನು ಮರೆತು ಇನ್ನೊಮ್ಮೆ ನುಂಗುವ ಸಾಧ್ಯತೆ ಇದೆಯೇ?

ಮೆಟ್‌ಫಾರ್ಮಿನ್: ಕಿಡ್ನಿ ಒಪ್ಪಿದರೆ ಇಲ್ಲಿಂದಲೇ ಶುರು

ಒಂದೇ ಕೊಟ್ಟಾಗ ಇದು ಶುಗರನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ತೀರಾ ಅಪರೂಪ. ಊಟ ತಪ್ಪಿದರೂ ಹೆದರಬೇಕಿಲ್ಲ. ಎಚ್‌ಬಿಎ1ಸಿ ಸಾಮಾನ್ಯವಾಗಿ 1ರಿಂದ 1.5ರಷ್ಟು ಇಳಿಯುತ್ತದೆ. ಇಜಿಎಫ್‌ಆರ್ 45ರ ಮೇಲಿದ್ದರೆ ಧೈರ್ಯವಾಗಿ ಕೊಡಬಹುದು. 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡುವುದಿಲ್ಲ; ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ಇಳಿಸುತ್ತಾರೆ. 30ರ ಕೆಳಗೆ ಹೋದರೆ ನಿಲ್ಲಿಸಲೇಬೇಕು.

ಕೆಡುವುದು ಹೊಟ್ಟೆಯ ವಿಷಯದಲ್ಲಿ. ಮೊದಲ ದಿನದಿಂದಲೇ 1000 ಮಿಲಿಗ್ರಾಂ ಕೊಟ್ಟರೆ ಭೇದಿ, ವಾಕರಿಕೆ ಬಂದು ಬಿಟ್ಟುಬಿಡುತ್ತಾರೆ. ರಾತ್ರಿ ಊಟದ ಜೊತೆ 500 ಮಿಲಿಗ್ರಾಂನಿಂದ ಶುರು ಮಾಡಿ, ಒಂದೆರಡು ವಾರಕ್ಕೊಮ್ಮೆ 500ರಂತೆ ಏರಿಸುವುದು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಆರಿಸುವುದು ಒಳ್ಳೆಯದು. ಆ ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು. ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ಹೊರಬೀಳುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುತ್ತದೆ. ಕಾಲು ಜೋಮು, ನಡಿಗೆ ಓಲಾಡುವುದು, ಮರೆವು ಇವನ್ನೆಲ್ಲ ಶುಗರಿನ ಮೇಲೆ ಹಾಕುವ ಮೊದಲು ಬಿ12 ನೋಡಬೇಕು. ಹಸಿವು ಕಡಿಮೆಯಾಗಿ ತೂಕ ಇಳಿಯುತ್ತಿರುವ ಹಿರಿಯರಿಗೆ ಈ ಮಾತ್ರೆ ಅಷ್ಟು ಹಿತವಲ್ಲ.

ಸಲ್ಫೊನೈಲ್‌ಯೂರಿಯಾವೋ ಗ್ಲಿಪ್ಟಿನ್ನೋ: ಮುಖ್ಯ ಪ್ರಶ್ನೆ ಇದೇ

ಮೆಟ್‌ಫಾರ್ಮಿನ್ ಸಾಲದಾದಾಗ, ಅಥವಾ ಆಗಿಬರದಿದ್ದಾಗ, ಹೆಚ್ಚಿನ ಮನೆಗಳು ಬಂದು ನಿಲ್ಲುವುದು ಈ ಕವಲಿನಲ್ಲಿ.

ಸಲ್ಫೊನೈಲ್‌ಯೂರಿಯಾ ಗುಂಪಿನಲ್ಲಿ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಬರುತ್ತವೆ. ಅಗ್ಗ, ಹಳೆಯದು, ಬೇಗ ಕೆಲಸ ಮಾಡುತ್ತದೆ, ಅಂಕಿ ಚೆನ್ನಾಗಿ ಇಳಿಯುತ್ತದೆ. ಇನ್ಸುಲಿನ್ ಹಿಂಡುವ ಕೆಲಸಕ್ಕೆ ಇವು ಶುಗರ್ ಎಷ್ಟಿದೆ ಎಂದು ನೋಡುವುದಿಲ್ಲ. ಗ್ಲಿಪ್ಟಿನ್‌ಗಳು, ಅಂದರೆ ಸಿಟಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಸ್ಯಾಕ್ಸಾಗ್ಲಿಪ್ಟಿನ್, ಕರುಳಿನ ಹಾರ್ಮೋನನ್ನು ಹೆಚ್ಚು ಹೊತ್ತು ಉಳಿಸುತ್ತವೆ. ಆ ಹಾರ್ಮೋನು ಇನ್ಸುಲಿನ್ ಬಿಡಿಸುವುದು ಶುಗರ್ ಏರಿದಾಗ. ಹಾಗಾಗಿ ಇವು ಶುಗರನ್ನು ಇಳಿಸುವುದೂ ಕಡಿಮೆ: ಎಚ್‌ಬಿಎ1ಸಿಯಲ್ಲಿ 0.5ರಿಂದ 0.8ರಷ್ಟು. 8.2 ಇರುವ ಹಿರಿಯರನ್ನು 7.6ಕ್ಕೆ ತರಲು ಅಷ್ಟೇ ಸಾಕಲ್ಲವೇ.

ಇವೆರಡನ್ನು ನೇರವಾಗಿ ಎದುರುಬದುರು ನಿಲ್ಲಿಸಿದ ಪ್ರಯೋಗ ಕ್ಯಾರೊಲಿನಾ, 2019ರಲ್ಲಿ ಬಂತು. ಸುಮಾರು 6,000 ಮಂದಿ, ಆರು ವರ್ಷಕ್ಕೂ ಹೆಚ್ಚು ಕಾಲ, ಒಂದೆಡೆ ಲಿನಾಗ್ಲಿಪ್ಟಿನ್ 5 ಮಿಲಿಗ್ರಾಂ, ಇನ್ನೊಂದೆಡೆ ಗ್ಲಿಮೆಪಿರೈಡ್ 1ರಿಂದ 4 ಮಿಲಿಗ್ರಾಂ. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾರಣದ ಸಾವು ಎರಡರಲ್ಲೂ ಸರಿಸಮ. ಲೋ ಶುಗರ್ ಮಾತ್ರ ಗ್ಲಿಮೆಪಿರೈಡ್ ಪಡೆದವರಲ್ಲಿ 37.7%, ಲಿನಾಗ್ಲಿಪ್ಟಿನ್ ಪಡೆದವರಲ್ಲಿ 10.6%. ಹೃದಯಕ್ಕೆ ಎರಡೂ ಒಂದೇ ಎಂದಮೇಲೆ, ಬೀಳುವ ಭಯವಿರುವ ಹಿರಿಯರಿಗೆ ಯಾವುದು ಎಂದು ಹೇಳಲು ನಮಗೆ ಹಿಂಜರಿಕೆಯಿಲ್ಲ: ಗ್ಲಿಪ್ಟಿನ್.

ಹಿರಿಯರಿಗೆ ಸಲ್ಲದ ಔಷಧಗಳನ್ನು ಪಟ್ಟಿ ಮಾಡುವ ಬೀರ್ಸ್ ಮಾನದಂಡವೂ 2023ರಲ್ಲಿ ಇದನ್ನೇ ಹೇಳಿತು. ಹಿಂದೆ ದೀರ್ಘಕಾಲ ಕೆಲಸ ಮಾಡುವವುಗಳನ್ನು ಮಾತ್ರ ದೂರವಿಡಿ ಎನ್ನುತ್ತಿದ್ದದ್ದು, ಈಗ ಬೇರೆ ದಾರಿ ಇರುವಾಗ ಇಡೀ ಗುಂಪನ್ನೇ ಮೊದಲ, ಎರಡನೆಯ ಆಯ್ಕೆಯಾಗಿ ಬೇಡ ಎನ್ನುತ್ತದೆ. ಕೊಡಲೇಬೇಕಾದರೆ ಗ್ಲಿಪಿಜೈಡ್‌ನಂಥ ಚಿಕ್ಕ ಅವಧಿಯದು ಮೇಲು. ಗ್ಲಿಕ್ಲಜೈಡ್ ಕೂಡ ಈ ಗುಂಪಿನಲ್ಲಿ ಸೌಮ್ಯವಾದದ್ದು. ದೇಹದಲ್ಲಿ ಒಡೆದ ಮೇಲೆ ಉಳಿಯುವ ಅದರ ತುಣುಕುಗಳಿಗೆ ಶುಗರ್ ಇಳಿಸುವ ಶಕ್ತಿಯಿಲ್ಲ. ಗ್ಲಿಬೆನ್‌ಕ್ಲಮೈಡ್‌ನ ತುಣುಕುಗಳಿಗೆ ಆ ಶಕ್ತಿಯಿದೆ, ಅವು ಹೊರಹೋಗಬೇಕಾದದ್ದು ಕಿಡ್ನಿಯ ದಾರಿಯಲ್ಲಿ. ಕಿಡ್ನಿ ಸೋತಿದ್ದರೆ ಅವು ಒಳಗೇ ಉಳಿದು, ಸಕ್ಕರೆ ಕೊಟ್ಟು ಎಬ್ಬಿಸಿದ ವ್ಯಕ್ತಿ ಕೆಲವು ಗಂಟೆಯ ನಂತರ ಮತ್ತೆ ಪ್ರಜ್ಞೆ ತಪ್ಪಬಹುದು. ಹಿರಿಯರ ಮಾತ್ರೆ ಡಬ್ಬಿಯಲ್ಲಿ ಗ್ಲಿಬೆನ್‌ಕ್ಲಮೈಡ್ ಕಂಡರೆ ಮುಂದಿನ ಭೇಟಿಯಲ್ಲಿ ಮೊದಲು ಅದನ್ನೇ ಕೇಳಿ. ಎರಡು ಔಷಧ ಬೆರೆತ ಮಾತ್ರೆಗಳಲ್ಲಿ ಅದು ಅಡಗಿರಬಹುದು, ಆದ್ದರಿಂದ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಬೇಕು.

ಇನ್ನೊಂದು ಬಲೆ ಇನ್ನೊಬ್ಬ ವೈದ್ಯರ ಚೀಟಿಯಿಂದ ಬರುತ್ತದೆ. ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್, ಎದೆಯ ಸೋಂಕಿಗೆ ಕೊಡುವ ಲೆವೊಫ್ಲಾಕ್ಸಸಿನ್, ಕ್ಲಾರಿತ್ರೊಮೈಸಿನ್, ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಇವೆಲ್ಲ ಸಲ್ಫೊನೈಲ್‌ಯೂರಿಯಾ ಜೊತೆ ಸೇರಿದರೆ ಶುಗರ್ ಪಾತಾಳಕ್ಕಿಳಿಯಬಹುದು. ವರ್ಷಗಳಿಂದ ಒಗ್ಗಿದ ಡೋಸ್ ಐದು ದಿನದ ಆಂಟಿಬಯಾಟಿಕ್ ವೇಳೆ ಕೈಕೊಡುವುದು ಹೀಗೆ. ಆ ದಿನಗಳಲ್ಲಿ ದಿನಕ್ಕೆ ನಾಲ್ಕು ಬಾರಿ ಬೆರಳು ಚುಚ್ಚಿ ನೋಡಿ, ಡೋಸ್ ಇಳಿಸಬೇಕೇ ಎಂದು ಮೊದಲೇ ಕೇಳಿಕೊಳ್ಳಿ.

ಗ್ಲಿಪ್ಟಿನ್‌ಗಳೊಳಗೆ ಆರಿಸುವುದು ಸುಲಭ. ಲಿನಾಗ್ಲಿಪ್ಟಿನ್ 5 ಮಿಲಿಗ್ರಾಂ ಕಿಡ್ನಿ ಹೇಗಿದ್ದರೂ ಅದೇ ಡೋಸ್. ಸಿಟಾಗ್ಲಿಪ್ಟಿನ್ 100 ಮಿಲಿಗ್ರಾಂ, ಇಜಿಎಫ್‌ಆರ್ 45ರ ಕೆಳಗೆ 50, 30ರ ಕೆಳಗೆ 25. ವಿಲ್ಡಾಗ್ಲಿಪ್ಟಿನ್ ಕೊಡುವ ಮೊದಲು, ಮತ್ತು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಯಕೃತ್ತಿನ ಪರೀಕ್ಷೆ ಬೇಕು. ಸ್ಯಾಕ್ಸಾಗ್ಲಿಪ್ಟಿನ್ 2013ರ ದೊಡ್ಡ ಪ್ರಯೋಗವೊಂದರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದನ್ನು 27% ಹೆಚ್ಚಿಸಿತು. ಹೃದಯ ದುರ್ಬಲವಾಗಿರುವವರಿಗೆ ಅದು ಬೇಡ. ಸಿಟಾಗ್ಲಿಪ್ಟಿನ್ ಮೇಲೆ 14,671 ಮಂದಿಯಲ್ಲಿ ನಡೆದ ಟೆಕೋಸ್ ಪ್ರಯೋಗದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಗ್ಲಿಪ್ಟಿನ್ ಶುರುವಾದ ಮೇಲೆ ಮೈಮೇಲೆ ನೀರುಗುಳ್ಳೆ ಎದ್ದರೆ, ಹೊಟ್ಟೆ ನೋವು ಬೆನ್ನಿಗೆ ಹಾಯುವಂತೆ ಬಂದರೆ ಔಷಧ ನಿಲ್ಲಿಸಿ ತಕ್ಷಣ ತೋರಿಸಬೇಕು.

ಹೃದಯ, ಕಿಡ್ನಿ ಕೈಹಿಡಿಯುವ ಎರಡು ಗುಂಪು

ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಎಂಪಾಗ್ಲಿಫ್ಲೊಜಿನ್‌ನ 2015ರ ಪ್ರಯೋಗದಲ್ಲಿ, ಹೃದ್ರೋಗವಿದ್ದ 7,020 ಮಂದಿಯಲ್ಲಿ, ಹೃದಯದ ಕಾರಣದ ಸಾವು 38%, ಹೃದಯ ವೈಫಲ್ಯದ ದಾಖಲಾತಿ 35% ಕಡಿಮೆಯಾಯಿತು. ಹೃದಯ ವೈಫಲ್ಯವೋ ಮೂತ್ರದಲ್ಲಿ ಆಲ್ಬುಮಿನ್ನೋ ಇರುವ ಹಿರಿಯರಿಗೆ ಮೆಟ್‌ಫಾರ್ಮಿನ್‌ಗಿಂತಲೂ ಮೊದಲು ಇವನ್ನು ಯೋಚಿಸಬಹುದು. ಇಜಿಎಫ್‌ಆರ್ 45ರ ಕೆಳಗೆ ಶುಗರ್ ಇಳಿಸುವ ಶಕ್ತಿ ಕುಂದಿದರೂ ಹೃದಯಕ್ಕೆ, ಕಿಡ್ನಿಗೆ ಸಿಗುವ ರಕ್ಷೆ ಉಳಿಯುತ್ತದೆ. ಶುರುವಿನ ವಾರಗಳಲ್ಲಿ ಇಜಿಎಫ್‌ಆರ್ ಸ್ವಲ್ಪ ಇಳಿಯುವುದು ನಿರೀಕ್ಷಿತ. ಅದನ್ನು ಕಂಡು ಗಾಬರಿಯಿಂದ ಔಷಧ ಬಿಡಬಾರದು.

ತೊಂದರೆಗಳು ನೀರಿನವು. ಮೂತ್ರ ಹೆಚ್ಚಾಗಿ ಎದ್ದು ನಿಂತಾಗ ತಲೆ ತಿರುಗುತ್ತದೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಜೊತೆಗಿದ್ದರೆ. ಆ ಮಾತ್ರೆಯ ಡೋಸ್ ಇಳಿಸಬೇಕೇ ಎಂದು ಮೊದಲ ದಿನವೇ ಕೇಳಿ. ಗುಪ್ತಾಂಗದಲ್ಲಿ ತುರಿಕೆ, ಶಿಲೀಂಧ್ರದ ಸೋಂಕು ಸಾಮಾನ್ಯ. ಹಿರಿಯರು ಸಂಕೋಚದಿಂದ ಹೇಳುವುದಿಲ್ಲ, ಕೇಳಬೇಕಾದವರು ನಾವೇ. ಮೂತ್ರ ತಡೆಯಲಾಗದವರಿಗೆ, ಡೈಪರ್ ಕಟ್ಟಿಕೊಂಡು ಮಲಗಿದವರಿಗೆ ಈ ಗುಂಪು ಒಳ್ಳೆಯ ಆಯ್ಕೆಯಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕು. ನಿಲ್ಲಿಸದಿದ್ದರೆ, ಉಪವಾಸವಿದ್ದಾಗ ಕೀಟೋನ್ ಏರಿ ರಕ್ತ ಹುಳಿಯಾಗುವ ಅಪಾಯವಿದೆ. ಆಗ ಶುಗರ್ 200ರ ಒಳಗೇ ಇರಬಹುದು, ಅದಕ್ಕೇ ಗುರುತು ಸಿಗುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಶುಗರ್ ಸರಿಯಿದೆಯೆಂದು ಸುಮ್ಮನಾಗಬೇಡಿ.

ಲಿರಾಗ್ಲುಟೈಡ್, ಡುಲಾಗ್ಲುಟೈಡ್, ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಹಸಿವು ತಗ್ಗಿಸಿ ತೂಕ ಇಳಿಸುತ್ತವೆ, ಹೃದಯಕ್ಕೂ ಒಳ್ಳೆಯದು. ದಪ್ಪಗಿರುವ, ಹೃದ್ರೋಗವಿರುವ, ಚಟುವಟಿಕೆಯ 68ರ ವ್ಯಕ್ತಿಗೆ ಬಲು ಹೊಂದುತ್ತದೆ. 82ರ, 45 ಕಿಲೋ ತೂಕದ, ಮೊದಲೇ ಅರೆಹೊಟ್ಟೆ ಉಣ್ಣುವವರಿಗೆ ಇದೇ ಔಷಧ ಸ್ನಾಯು ಕರಗಿಸಿ ನಡೆಯದಂತೆ ಮಾಡಬಹುದು. ಸೆಮಾಗ್ಲುಟೈಡ್ ವಾರಕ್ಕೆ 0.25 ಮಿಲಿಗ್ರಾಂನಿಂದ ಶುರು, 4 ವಾರದ ಮೇಲೆ 0.5, ವಾಕರಿಕೆ ಇದ್ದರೆ ಏರಿಸುವ ಆತುರ ಬೇಡ. ಕಣ್ಣಿನ ರೆಟಿನಾ ಕಾಯಿಲೆ ಇರುವವರು ಶುರು ಮಾಡುವ ಮೊದಲು ಕಣ್ಣು ತೋರಿಸಿಕೊಳ್ಳಬೇಕು. ಗ್ಲಿಪ್ಟಿನ್ ಜೊತೆ ಇದನ್ನು ಕೊಡುವುದರಲ್ಲಿ ಅರ್ಥವಿಲ್ಲ, ಎರಡೂ ಕರುಳಿನ ಅದೇ ಹಾರ್ಮೋನಿನ ದಾರಿಯವು.

ಪಿಯೊಗ್ಲಿಟಜೋನ್ ಕಾಲು ಊದಿಸುತ್ತದೆ, ಹೃದಯ ವೈಫಲ್ಯ ಹೆಚ್ಚಿಸುತ್ತದೆ, ಮೂಳೆ ಮುರಿತವನ್ನೂ ಹೆಚ್ಚಿಸುತ್ತದೆ. ಹೆಚ್ಚಿನ ಹಿರಿಯರಿಗೆ ಬೇಡ. ಅಕಾರ್ಬೋಸ್ ಒಂದೇ ಇದ್ದರೆ ಲೋ ಶುಗರ್ ತರುವುದಿಲ್ಲ, ಹೊಟ್ಟೆಯುಬ್ಬರ ಮಾತ್ರ ಜೋರು. ಅದರ ಜೊತೆ ಬೇರೆ ಔಷಧವಿದ್ದು ಶುಗರ್ ಇಳಿದರೆ ಮಾಮೂಲಿ ಸಕ್ಕರೆ ಬೇಗ ಒಡೆಯುವುದಿಲ್ಲ, ಗ್ಲುಕೋಸ್ ಪುಡಿಯನ್ನೇ ಕೊಡಬೇಕು.

ಇನ್ಸುಲಿನ್ ಬೇಕಾದಾಗ

ತೂಕ ಬಸಿದುಹೋಗುತ್ತಿದ್ದು ಶುಗರ್ 300 ದಾಟಿದ್ದರೆ ಇನ್ಸುಲಿನ್ ಬೇಕೇ ಬೇಕು, ಅಲ್ಲಿ ವಯಸ್ಸಿನ ನೆಪ ಸಲ್ಲ. ದಿನಕ್ಕೊಂದೇ ಬಾರಿ ಚುಚ್ಚುವ ಗ್ಲಾರ್ಜೀನ್‌ನಂಥದ್ದು, ಕಿಲೋ ತೂಕಕ್ಕೆ 0.1 ಯೂನಿಟ್‌ನಿಂದ ಶುರು ಮಾಡಬಹುದು. 60 ಕಿಲೋ ಇರುವವರಿಗೆ 6 ಯೂನಿಟ್. ಹಿರಿಯರಿಗೆ ಇದನ್ನು ರಾತ್ರಿಗಿಂತ ಬೆಳಿಗ್ಗೆ ಕೊಡುವುದು ಲೇಸು. ನಡುರಾತ್ರಿಯ ಲೋ ಶುಗರ್ ಕಡಿಮೆಯಾಗುತ್ತದೆ, ಕೊಡುವವರ ಕಣ್ಣೆದುರೇ ಇರುತ್ತಾರೆ. ಒಂದು ವಾರದ ಖಾಲಿ ಹೊಟ್ಟೆಯ ಅಂಕಿ ನೋಡಿ: ಅರ್ಧದಷ್ಟು ದಿನ ಗುರಿ ಮೀರಿದರೆ 2 ಯೂನಿಟ್ ಹೆಚ್ಚು, ವಾರದಲ್ಲಿ ಎರಡಕ್ಕಿಂತ ಹೆಚ್ಚು ಬಾರಿ 80ರ ಕೆಳಗೆ ಬಂದರೆ 2 ಯೂನಿಟ್ ಕಡಿಮೆ.

ಬೇಗ ಕೆಲಸ ಮಾಡುವುದನ್ನೂ ನಿಧಾನವಾಗಿ ಕೆಲಸ ಮಾಡುವುದನ್ನೂ ಬೆರೆಸಿದ 30/70 ಇನ್ಸುಲಿನ್ ಊಟದ ಹೊತ್ತನ್ನು ಗಡಿಯಾರದಂತೆ ಪಾಲಿಸುವವರಿಗೆ. ಊಟ ಹೊತ್ತು ಮೀರುವ, ಅರ್ಧಕ್ಕೆ ಕೈತೊಳೆಯುವ ಹಿರಿಯರಲ್ಲಿ ಅದು ಮತ್ತೆ ಮತ್ತೆ ಎಡವುತ್ತದೆ. ಊಟಕ್ಕೆ ಚುಚ್ಚುವ ಇನ್ಸುಲಿನ್ 10 ಯೂನಿಟ್ ಅಥವಾ ಕಡಿಮೆಯಿದ್ದರೆ ಅದನ್ನು ಬಿಟ್ಟು ಮಾತ್ರೆಗೆ ಬದಲಾಯಿಸುವ ದಾರಿಯಿದೆ, ಕೇಳಿ ನೋಡಿ.

ಡೋಸ್ ಏರಿಸಿದರೂ ಶುಗರ್ ಇಳಿಯದಿದ್ದಾಗ ಹೊಟ್ಟೆಯ ಚರ್ಮ ಸವರಿ ನೋಡಬೇಕು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಚುಚ್ಚಿದರೆ ಕೊಬ್ಬು ಗಂಟುಕಟ್ಟಿ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅಲ್ಲಿಂದ ಹೊಸ ಜಾಗಕ್ಕೆ ಬದಲಾಯಿಸಿದ ದಿನ ಅದೇ ಡೋಸ್ ಪೂರ್ತಿ ಹತ್ತಿ ಶುಗರ್ ಕುಸಿಯುತ್ತದೆ, ಆದ್ದರಿಂದ ಜಾಗ ಬದಲಿಸುವಾಗ ಡೋಸ್ ಇಳಿಸಬೇಕೇ ಎಂದು ಕೇಳಿಯೇ ಮುಂದುವರಿಯಿರಿ. ಪೆನ್ ಬಳಸುವವರು ಪ್ರತಿ ಬಾರಿ 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಬೇಕು, ಚುಚ್ಚಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು.

ಹೊಸ ಔಷಧವನ್ನು ಮನೆಯಲ್ಲಿ ಒರೆಗೆ ಹಚ್ಚುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಔಷಧ ಒಟ್ಟಿಗೆ ಶುರು ಮಾಡಿದರೆ ಉಪಕಾರ ಯಾವುದರದು, ಉಪದ್ರವ ಯಾವುದರದು ಎಂದು ತಿಳಿಯುವುದಿಲ್ಲ. ಶುರು ಮಾಡುವ ಮೊದಲೇ ಮೂರು ದಿನದ ಅಂಕಿ ಬರೆದಿಟ್ಟುಕೊಳ್ಳಿ. ನಂತರದ ಎರಡು ವಾರ ದಿನಕ್ಕೆರಡು ಬಾರಿ ಸಾಕು, ಆದರೆ ಹೊತ್ತು ಬದಲಿಸುತ್ತಾ: ಒಂದು ದಿನ ಬೆಳಗಿನ ತಿಂಡಿಗೆ ಮೊದಲು ಮತ್ತು ಎರಡು ಗಂಟೆಯ ನಂತರ, ಮರುದಿನ ಮಧ್ಯಾಹ್ನದ ಊಟಕ್ಕೆ ಹಾಗೆಯೇ, ಅದರ ಮರುದಿನ ರಾತ್ರಿ ಊಟಕ್ಕೆ. ಸಲ್ಫೊನೈಲ್‌ಯೂರಿಯಾ ಅಥವಾ ಇನ್ಸುಲಿನ್ ಇದ್ದರೆ ಸಂಜೆ ನಾಲ್ಕೈದರ ಹೊತ್ತಿಗೆ ಒಂದು, ವಾರದಲ್ಲಿ ಒಂದೆರಡು ರಾತ್ರಿ 3 ಗಂಟೆಗೆ ಒಂದು ಸೇರಿಸಿ. ಬೇಡವೆಂದು ಬಿಡುವ ಹೊತ್ತುಗಳು ಇವೇ, ಶುಗರ್ ಇಳಿದಿರುವ ಹೊತ್ತುಗಳೂ ಇವೇ.

ಅಂಕಿಯ ಪಕ್ಕದಲ್ಲಿ ಎಷ್ಟು ಉಂಡರು, ತಲೆಸುತ್ತು ಬಂತೇ, ಬಿದ್ದರೇ ಎಂಬುದನ್ನೂ ಬರೆಯಿರಿ. ವಾರಕ್ಕೊಮ್ಮೆ ತೂಕ, ಮತ್ತು ನಿಂತು ಒಂದೆರಡು ನಿಮಿಷದ ಮೇಲಿನ ರಕ್ತದೊತ್ತಡ. ಬೆರಳನ್ನು ಸೋಪಿನಿಂದ ತೊಳೆದು ಒರೆಸಿಯೇ ಚುಚ್ಚಬೇಕು. ಹಣ್ಣು ಹೆಚ್ಚಿದ ಕೈಯಲ್ಲಿ ಅಂಟಿದ ಸಕ್ಕರೆ 60ನ್ನು 160 ಎಂದು ತೋರಿಸಬಲ್ಲದು. ಎಚ್‌ಬಿಎ1ಸಿಗೆ ಮೂರು ತಿಂಗಳು ಕಾಯಿರಿ. ಪಿಯೊಗ್ಲಿಟಜೋನ್ ಪೂರ್ತಿ ಫಲ ಕೊಡಲು 6ರಿಂದ 12 ವಾರ ಬೇಕು, ಸಲ್ಫೊನೈಲ್‌ಯೂರಿಯಾ ಮೊದಲ ದಿನವೇ ಕೆಲಸ ತೋರಿಸುತ್ತದೆ. ಅದಕ್ಕೇ ಅದರ ಮೊದಲ ವಾರ ಒಬ್ಬರೇ ಇರಲು ಬಿಡಬಾರದು.

ತೋಳಿಗೆ ಅಂಟಿಸುವ ಸೆನ್ಸರ್ ಸಿಕ್ಕರೆ ಎರಡು ವಾರದಲ್ಲಿ ಇಡೀ ಚಿತ್ರ ಕಾಣುತ್ತದೆ. ಹಿರಿಯರಲ್ಲಿ ನೋಡಬೇಕಾದ್ದು, 70ರ ಕೆಳಗೆ ಕಳೆದ ಸಮಯ 1%ಕ್ಕಿಂತ ಕಡಿಮೆ, ಅಂದರೆ ದಿನಕ್ಕೆ ಕಾಲು ಗಂಟೆಯ ಒಳಗೆ ಇದೆಯೇ ಎಂಬುದು. 70ರಿಂದ 180ರ ನಡುವೆ ಅರ್ಧ ದಿನಕ್ಕಿಂತ ಹೆಚ್ಚು ಇದ್ದರೆ ಸಾಕು.

ಶುಗರ್ 70ರ ಕೆಳಗೆ ಬಂದು ಎಚ್ಚರವಿದ್ದರೆ 15 ಗ್ರಾಂ ಗ್ಲುಕೋಸ್, ಅಂದರೆ ನೀರಿನಲ್ಲಿ ಕಲಸಿದ ಮೂರು ಟೀ ಚಮಚ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ, ಏರಿದ ಮೇಲೆ ಊಟ. ಪ್ರಜ್ಞೆಯಿಲ್ಲದವರ ಬಾಯಿಗೆ ಏನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಸಲ್ಫೊನೈಲ್‌ಯೂರಿಯಾದಿಂದ ಹೀಗಾದವರು ಎದ್ದು ಕೂತು ಮಾತಾಡಿದರೂ ಒಂದು ದಿನವಾದರೂ ಆಸ್ಪತ್ರೆಯಲ್ಲಿ ನಿಗಾದಲ್ಲಿರಬೇಕು.

ವಾಂತಿ, ಭೇದಿ, ಜ್ವರವಿದ್ದು ಊಟ ನೀರು ಸೇರದ ದಿನ ಮೆಟ್‌ಫಾರ್ಮಿನ್, ಗ್ಲಿಫ್ಲೊಜಿನ್ (ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್) ಮಾತ್ರೆಗಳನ್ನು ತಡೆಹಿಡಿಯುತ್ತಾರೆ. ಉಣ್ಣದಿದ್ದರೆ ಸಲ್ಫೊನೈಲ್‌ಯೂರಿಯಾವನ್ನೂ ಕೊಡುವುದಿಲ್ಲ. ಗ್ಲಾರ್ಜೀನ್‌ನಂಥ ದಿನವಿಡೀ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ಮಾತ್ರ ಪೂರ್ತಿ ಬಿಡದೆ, ಎಷ್ಟು ಎಂದು ಕೇಳಿಕೊಂಡು ಕೊಡಬೇಕು. ಈ ಸೂಚನೆಯನ್ನು ಚೆನ್ನಾಗಿರುವ ದಿನವೇ ವೈದ್ಯರಿಂದ ಬರೆಸಿ ಔಷಧದ ಡಬ್ಬಿಗೆ ಅಂಟಿಸಿಡಿ.

ಇಳಿಸುವುದೂ ಚಿಕಿತ್ಸೆಯೇ

ಔಷಧ ಕಡಿಮೆ ಮಾಡಬೇಕಾದ ಸೂಚನೆಗಳು ಹೊರಗೇ ಕಾಣುತ್ತವೆ: ಸಲ್ಫೊನೈಲ್‌ಯೂರಿಯಾ ಅಥವಾ ಇನ್ಸುಲಿನ್ ಮೇಲಿದ್ದು ಎಚ್‌ಬಿಎ1ಸಿ 6.5ರ ಕೆಳಗೆ ಬಂದಿರುವುದು, ಬಟ್ಟೆ ಸಡಿಲವಾಗುವಷ್ಟು ತೂಕ ಇಳಿದಿರುವುದು, ಆರು ತಿಂಗಳಲ್ಲಿ ಎರಡು ಸಲ ಬಿದ್ದಿರುವುದು, ಇಜಿಎಫ್‌ಆರ್ ಕುಸಿದಿರುವುದು, ಮಾತ್ರೆ ನುಂಗಿದ್ದು ನೆನಪಿಲ್ಲದಿರುವುದು. ಮೊದಲು ಇಳಿಸಬೇಕಾದವು ಸಲ್ಫೊನೈಲ್‌ಯೂರಿಯಾ ಮತ್ತು ಊಟದ ಇನ್ಸುಲಿನ್. ಡೋಸನ್ನು ಅರ್ಧಕ್ಕೆ ತಂದು ಎರಡು ವಾರ ದಿನಕ್ಕೊಮ್ಮೆ ಶುಗರ್ ನೋಡಿ, 200ರ ಒಳಗೇ ಇದ್ದರೆ ಪೂರ್ತಿ ನಿಲ್ಲಿಸಿ, ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸುವ ಕ್ರಮವನ್ನು ವೈದ್ಯರೊಂದಿಗೆ ಗೊತ್ತುಮಾಡಿಕೊಳ್ಳಬಹುದು. ಅಂಕಿ 6.8ರಿಂದ 7.7ಕ್ಕೆ ಏರಿದರೆ ಕೆಟ್ಟಿತೆಂದು ತಿಳಿಯಬೇಡಿ. ಅವರ ಗುರಿ 8ರ ಕೆಳಗೆ ಇದ್ದರೆ ಅದು ಸರಿಯಾದ ಜಾಗಕ್ಕೇ ಬಂದಿದೆ.

ಹಾಸಿಗೆ ಹಿಡಿದು ಕೊನೆಯ ದಿನಗಳಲ್ಲಿರುವವರ ವಿಷಯದಲ್ಲಿ ಲೆಕ್ಕವೇ ಬೇರೆ. ಟೈಪ್ 2 ಆಗಿದ್ದು ಬಾಯಿಂದ ಏನೂ ಸೇರದ ಹಂತ ಬಂದರೆ ಶುಗರ್ ಔಷಧಗಳನ್ನೆಲ್ಲ ನಿಲ್ಲಿಸುವುದು ಒಪ್ಪಿತವಾದ ಕ್ರಮ. ಬಾಯಿ ಒಣಗದಂತೆ ನೋಡಿಕೊಂಡು, ಬಾಯಾರಿಕೆಯ ಸಂಕಟ ಕಾಣದಿದ್ದರೆ ಬೆರಳು ಚುಚ್ಚುವುದನ್ನೂ ಬಿಡಬಹುದು.